ರಾಜಾಜಿನಗರದಿಂದ ವಿಜಯನಗರಕ್ಕೆ ಹೋಗೋಕೆ ಮೆಜೆಸ್ಟಿಕ್ ಯಾಕೆ ಬೇಕು?

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.)

ಇವತ್ತಿನ ಸಂಚಿಕೆಯಲ್ಲಿ ಒಂದೇ ಒಂದು ರಸ್ತೆ ಇಟ್ಟುಕೊಂಡು ಮಾತಾಡೋಣ. ಕಾರ್ಡ್ ರೋಡ್. ಪಶ್ಚಿಮ ಬೆಂಗಳೂರಿನವರಿಗೆ ಇದನ್ನ ಪರಿಚಯ ಮಾಡಿಕೊಡೋ ಅಗತ್ಯ ಇಲ್ಲ. ಒಂದು ಕಡೆ ಯಶವಂತಪುರ, ಇಸ್ಕಾನ್, ರಾಜಾಜಿನಗರ. ಇನ್ನೊಂದು ಕಡೆ ಮಾಗಡಿ ರಸ್ತೆ ಟೋಲ್‌ಗೇಟ್, ವಿಜಯನಗರ, ಅತ್ತಿಗುಪ್ಪೆ.

ಈ ರಸ್ತೆಯ ವಿಶೇಷ ಏನು ಗೊತ್ತಾ? ಇದರ ಮೇಲೆ ಎರಡು ಮೆಟ್ರೊ ಲೈನ್ ಇದೆ. ಉತ್ತರದ ತುದಿಯಲ್ಲಿ ಹಸಿರು ಮಾರ್ಗ. ಮಹಾಲಕ್ಷ್ಮಿ, ರಾಜಾಜಿನಗರ ಸ್ಟೇಷನ್‌ಗಳು ಅದರವು. ದಕ್ಷಿಣದ ತುದಿಯಲ್ಲಿ ನೇರಳೆ ಮಾರ್ಗ. ಹೊಸಹಳ್ಳಿ ಹತ್ರ ಕಾರ್ಡ್ ರೋಡಿಗೆ ತಿರುಗಿಕೊಂಡು ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರ ಅಂತ ಹೋಗುತ್ತೆ. ಎರಡರ ನಡುವೆ, ಅಂದ್ರೆ ರಾಜಾಜಿನಗರ ಸ್ಟೇಷನ್‌ನಿಂದ ಹೊಸಹಳ್ಳಿ ಸ್ಟೇಷನ್‌ವರೆಗೆ, ಮೂರ್ನಾಲ್ಕು ಕಿಲೋಮೀಟರ್ ಖಾಲಿ. ಅಲ್ಲಿ ಮೆಟ್ರೊ ಇಲ್ಲ.

ಹಾಗಾಗಿ ರಾಜಾಜಿನಗರದಿಂದ ವಿಜಯನಗರಕ್ಕೆ ಮೆಟ್ರೊದಲ್ಲೇ ಹೋಗ್ತೀನಿ ಅಂತ ಹಟ ಹಿಡಿದರೆ ಏನಾಗುತ್ತೆ? ಮಹಾಕವಿ ಕುವೆಂಪು ರಸ್ತೆ, ಶ್ರೀರಾಂಪುರ, ಮಂತ್ರಿ ಸ್ಕ್ವೇರ್, ಮೆಜೆಸ್ಟಿಕ್. ಅಲ್ಲಿ ಇಳಿದು, ಮೆಟ್ಟಿಲು ಇಳಿದು ಹತ್ತಿ, ಇನ್ನೊಂದು ರೈಲು. ರೈಲ್ವೆ ಸ್ಟೇಷನ್, ಮಾಗಡಿ ರಸ್ತೆ, ಹೊಸಹಳ್ಳಿ, ಆಮೇಲೆ ವಿಜಯನಗರ. ಎಂಟು ಸ್ಟೇಷನ್, ಒಂದು ಬದಲಾವಣೆ. ರಸ್ತೆಯಲ್ಲಿ ಐದು ಕಿಲೋಮೀಟರ್‌ಗಿಂತ ಕಡಿಮೆ ಇರೋ ದಾರಿ ಇದು. ಯಾರೂ ಹೀಗೆ ಹೋಗಲ್ಲ, ಸ್ಕೂಟರ್ ತೆಗೀತಾರೆ.

ಈ ಖಾಲಿ ಜಾಗದ ಪಕ್ಕದಲ್ಲೇ ಇರೋದು ಬಸವೇಶ್ವರನಗರ. ಹಾವನೂರು ಸರ್ಕಲ್, ಪವಿತ್ರ ಪ್ಯಾರಡೈಸ್, ಕಮಲಾನಗರ, ಮಂಜುನಾಥನಗರ. ಎರಡು ಮೆಟ್ರೊ ಲೈನ್‌ಗಳ ನಡುವೆ ಇದ್ದೂ ಎರಡೂ ಕೈಗೆ ಸಿಗದ ಬಡಾವಣೆ. ಸುಸ್ಥಿರ ಸಾರಿಗೆ ಬಗ್ಗೆ ದೆಹಲಿಯಲ್ಲಿ ಬರೆದ ನೀತಿಗಳು, ಬೆಂಗಳೂರಲ್ಲಿ ಬರೆದ ಕಾಯ್ದೆಗಳು ನೆಲಕ್ಕೆ ಬಂದಾಗ ಏನಾಗ್ತವೆ ಅಂತ ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಕೂಡಿಸುವ ಗುರುತಿನ ನಕ್ಷೆ

ಮೊದಲು, ಯಾಕೆ ಹೀಗಾಯ್ತು? ದೆಹಲಿ ಮೆಟ್ರೊ ನಿಗಮ 2003ರಲ್ಲಿ ನಮ್ಮ ಮೆಟ್ರೊಗೆ ವಿವರವಾದ ಯೋಜನಾ ವರದಿ ತಯಾರಿಸಿಕೊಟ್ಟಿತು. ಮೊದಲ ಹಂತ ಅಂತ ಕೊನೆಗೆ ಕಟ್ಟಿದ್ದು 42.3 ಕಿಲೋಮೀಟರ್. ಪೂರ್ವ–ಪಶ್ಚಿಮ ಒಂದು, ಉತ್ತರ–ದಕ್ಷಿಣ ಒಂದು. ಗಣಿತದ ಕೂಡಿಸುವ ಗುರುತಿನ ಹಾಗೆ. ಎರಡೂ ಸೇರೋದು ಮೆಜೆಸ್ಟಿಕ್‌ನಲ್ಲಿ.

ಆ ಕಾಲಕ್ಕೆ ಅದು ತಪ್ಪಲ್ಲ. ಪಶ್ಚಿಮ ಬೆಂಗಳೂರಿನ ಬಸ್ ಜಾಲ ಬೆಳೆದಿದ್ದೇ ಹಾಗೆ. ಎಲ್ಲಿಂದ ಹತ್ತಿದರೂ ಮೆಜೆಸ್ಟಿಕ್ ಇಲ್ಲಾ ಮಾರ್ಕೆಟ್. ಆದರೆ ಜನ ಕೆಲಸಕ್ಕೆ ಹೋಗೋ ದಿಕ್ಕು ಬದಲಾಗ್ತಾ ಬಂತು. ವಿಜಯನಗರದಿಂದ ಪೀಣ್ಯಕ್ಕೆ, ಕೆಂಗೇರಿಯಿಂದ ಯಶವಂತಪುರಕ್ಕೆ, ನಾಗರಬಾವಿಯಿಂದ ಹೆಬ್ಬಾಳಕ್ಕೆ. ಇವೆಲ್ಲ ಅಡ್ಡ ಪ್ರಯಾಣಗಳು. ನಡುವಿನ ಊರಿಗೆ ಹೋಗದೆ, ಅಂಚಿನಿಂದ ಅಂಚಿಗೆ ಹೋಗೋವು. ಸೈಕಲ್ ಚಕ್ರ ನೆನಪಿಸಿಕೊಳ್ಳಿ. ನಾವು ಕಡ್ಡಿಗಳನ್ನ ಮೊದಲು ಹಾಕಿದ್ವಿ, ರಿಮ್ ಇನ್ನೂ ಬಂದಿಲ್ಲ.

ಪಶ್ಚಿಮಕ್ಕೆ ಮೆಟ್ರೊ ಬಂದ ಲೆಕ್ಕ ಬೇಗ ಹೇಳಿಬಿಡ್ತೀನಿ. 2014ರ ಮಾರ್ಚ್ 1ಕ್ಕೆ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ, ರಾಜಾಜಿನಗರಕ್ಕೆ ಮೆಟ್ರೊ ಬಂದಿದ್ದು ಆಗ. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆವರೆಗೆ, ವಿಜಯನಗರಕ್ಕೆ ಆಗ. 2016ರ ಏಪ್ರಿಲ್ ಕೊನೆಗೆ ಸುರಂಗ ಮಾರ್ಗ ಮುಗಿದು ನೇರಳೆ ಲೈನ್ ಒಂದಾಯ್ತು. ಕೆಂಗೇರಿಗೆ 2021ರ ಆಗಸ್ಟ್ ಕೊನೆಗೆ. ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಲ್ಲಿ. ಇವತ್ತು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್ ಚಿಲ್ಲರೆ, ಒಂದೇ ರೈಲಲ್ಲಿ ಕೂತು ಹೋಗಬಹುದು. ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ಸಿಗ್ನಲ್ ಕಾದವರಿಗೆ ಗೊತ್ತು ಅದರ ಬೆಲೆ.

ಅಂದ್ರೆ ಸಮಸ್ಯೆ ಇರೋದು ರೈಲಿನ ಒಳಗಲ್ಲ. ರೈಲು ಇಳಿದ ಮೇಲೆ.

36 ರೂಪಾಯಿಯ ಲೆಕ್ಕ

ಒಂದು ಲೆಕ್ಕ ಹಾಕೋಣ. ನೀವು ಹಾವನೂರು ಸರ್ಕಲ್ ಹತ್ರ ಇದ್ದೀರಿ, ಕೆಲಸ ಎಂ.ಜಿ. ರಸ್ತೆಯಲ್ಲಿ ಅಂದ್ಕೊಳ್ಳಿ. ಹೊಸಹಳ್ಳಿ ಸ್ಟೇಷನ್ನಿಗೆ ಸುಮಾರು ಎರಡು ಕಿಲೋಮೀಟರ್. ಬೆಳಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು ಅಷ್ಟು ದೂರ ನಡೆಯೋರು ಕಡಿಮೆ. ಆಟೊ ಹತ್ತಬೇಕು.

2025ರ ಆಗಸ್ಟ್ 1ರಿಂದ ಬೆಂಗಳೂರಲ್ಲಿ ಆಟೊ ಕನಿಷ್ಠ ದರ, ಮೊದಲ ಎರಡು ಕಿಲೋಮೀಟರ್‌ಗೆ, 36 ರೂಪಾಯಿ. ಮೀಟರ್ ಹಾಕಿದರೆ! ಅದರ ಮೇಲೆ ಮೆಟ್ರೊ ಟಿಕೆಟ್. 2025ರ ಫೆಬ್ರುವರಿಯಲ್ಲಿ ದರ ಏರಿಸಿದ ಮೇಲೆ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯ್ತು. ನಮ್ಮ ಈ ಪ್ರಯಾಣಕ್ಕೆ ಒಂದು 40 ಅಂತ ಇಟ್ಟುಕೊಳ್ಳೋಣ. ಒಂದು ದಾರಿಗೆ 76. ಹೋಗಿ ಬರೋಕೆ 152. ತಿಂಗಳಿಗೆ 25 ದಿನ ಅಂದ್ರೆ 3,800 ರೂಪಾಯಿ.

ಈಗ ಸ್ಕೂಟರ್ ತೆಗೀರಿ. ಹೋಗಿ ಬರೋಕೆ 20 ಕಿಲೋಮೀಟರ್, ಲೀಟರಿಗೆ 45 ಕೊಡುತ್ತೆ, ಪೆಟ್ರೋಲ್ ನೂರು ರೂಪಾಯಿ ದಾಟಿದೆ. ದಿನಕ್ಕೆ 45ರಿಂದ 50 ರೂಪಾಯಿ. ತಿಂಗಳಿಗೆ 1,200 ಆಸುಪಾಸು. ಪಾರ್ಕಿಂಗ್, ಸರ್ವಿಸ್, ಇನ್ಶೂರೆನ್ಸ್ ಎಲ್ಲ ಬೇರೆ ಅಂತ ನೀವು ಹೇಳಬಹುದು, ಸರಿಯೇ. ಆದರೆ ಮನೆಯಲ್ಲಿ ಸ್ಕೂಟರ್ ಇರೋನು ಬೆಳಗ್ಗೆ ಎದ್ದು ಆ ಲೆಕ್ಕ ಹಾಕಲ್ಲ. ಅವನಿಗೆ ಕಾಣೋದು ಪೆಟ್ರೋಲ್ ಬಂಕ್ ಬಿಲ್ ಮಾತ್ರ.

ಇದರಲ್ಲಿ ಗಮನಿಸಬೇಕಾದ್ದು ಇಷ್ಟು. ಬರೀ ಆಟೊ ಖರ್ಚೇ ತಿಂಗಳಿಗೆ 1,800 ರೂಪಾಯಿ. ಅಂದ್ರೆ ಮೆಟ್ರೊ ಪೂರ್ತಿ ಫ್ರೀ ಮಾಡಿದರೂ ಈ ಮನುಷ್ಯನಿಗೆ ಸ್ಕೂಟರೇ ಅಗ್ಗ! ಎರಡು ಕಿಲೋಮೀಟರ್ ಆಟೊ ಪ್ರಯಾಣ, ಏಳೆಂಟು ಕಿಲೋಮೀಟರ್ ಮೆಟ್ರೊ ಪ್ರಯಾಣದಷ್ಟೇ ದುಬಾರಿ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ ಅಂತ ಓದಿ ನಾವು ಬೈಕೊಳ್ತೀವಿ. ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ಅವರಲ್ಲಿ ಎಷ್ಟೋ ಜನ ಇಂಥದ್ದೇ ಲೆಕ್ಕ ಮನಸ್ಸಲ್ಲೇ ಹಾಕಿದವರು.

ಈಗ ಆಟೊ ಜಾಗದಲ್ಲಿ ಬಿಎಂಟಿಸಿ ಫೀಡರ್ ಬಸ್ ಹಾಕಿ. 2025ರ ಜನವರಿಯ ಶೇ 15 ಏರಿಕೆ ಆದ ಮೇಲೂ ಸಾಮಾನ್ಯ ಬಸ್ಸಿನ ಮೊದಲ ಸ್ಟೇಜ್ 6 ರೂಪಾಯಿ. ಹೋಗಿ ಬರೋಕೆ 12, ತಿಂಗಳಿಗೆ 300. ಒಟ್ಟು ಖರ್ಚು 3,800ರಿಂದ 2,300ಕ್ಕೆ ಇಳೀತು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, 2023ರ ಜೂನ್ 11ರಿಂದ. ಅವರಿಗೆ ಫೀಡರ್ ಉಚಿತ, ಒಟ್ಟು 2,000. ಇಲ್ಲೊಂದು ಸೂಕ್ಷ್ಮ ಇದೆ. ಶಕ್ತಿ ಇರೋದು ಬಸ್ಸಲ್ಲಿ, ಮೆಟ್ರೊದಲ್ಲಿ ಇಲ್ಲ. ಹಾಗಾಗಿ ರಾಜಾಜಿನಗರದ ಒಬ್ಬ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಮೆಟ್ರೊ ಸ್ಟೇಷನ್ ಪಕ್ಕದಲ್ಲೇ ನಿಂತು ಬಸ್ಸಿಗೆ ಕಾಯ್ತಾಳೆ. ಅವಳಿಗೆ ಟೈಮ್ ಬೆಲೆ ಗೊತ್ತಿಲ್ಲ ಅಂತಲ್ಲ. ದುಡ್ಡಿನ ಬೆಲೆ ಜಾಸ್ತಿ ಗೊತ್ತು.

ಕಾಯೋ ಹತ್ತು ನಿಮಿಷ

ಹಾಗಾದ್ರೆ ಫೀಡರ್ ಬಸ್ ಇಲ್ವಾ? ಇದೆ. ಎಂಎಫ್ ಅಂತ ಬೋರ್ಡ್ ಹಾಕಿದ ಬಸ್ಸುಗಳನ್ನ ನೀವು ನೋಡಿರ್ತೀರಿ. ಕಾರ್ಡ್ ರೋಡಿನಲ್ಲೂ ಬಸ್ ಓಡ್ತವೆ. ಪ್ರಶ್ನೆ ಬೇರೆ. ಎಷ್ಟು ಹೊತ್ತಿಗೊಂದು?

ಸಾರಿಗೆ ಅರ್ಥಶಾಸ್ತ್ರದಲ್ಲಿ ದಶಕಗಳಿಂದ ಪದೇಪದೇ ಕಂಡುಬಂದ ಒಂದು ವಿಷಯ ಇದೆ. ಜನ ವಾಹನದ ಒಳಗೆ ಕಳೆಯೋ ನಿಮಿಷಕ್ಕಿಂತ ಸ್ಟಾಪಲ್ಲಿ ಕಾಯೋ ನಿಮಿಷವನ್ನ ಸುಮಾರು ಎರಡು ಪಟ್ಟು ಭಾರವಾಗಿ ಲೆಕ್ಕ ಹಾಕ್ತಾರೆ. ಬಸ್ ಬದಲಿಸೋದು ಅಂದ್ರೆ ಅದಕ್ಕೊಂದು ಪ್ರತ್ಯೇಕ ದಂಡ, ಮನಸ್ಸಿನ ಒಳಗೆ. ಮಳೆಯಲ್ಲಿ, ಕತ್ತಲಲ್ಲಿ, ಮಗು ಎತ್ತಿಕೊಂಡು ನಿಂತಿದ್ದರೆ ಇನ್ನೂ ಜಾಸ್ತಿ.

ಅರ್ಧ ಗಂಟೆಗೊಂದು ಬಸ್ ಇದ್ದರೆ ಸರಾಸರಿ ಕಾಯೋದು 15 ನಿಮಿಷ. ಮನಸ್ಸಿಗೆ ಅದು 30 ನಿಮಿಷ. ಎರಡು ಕಿಲೋಮೀಟರ್‌ಗೆ! ನಡೆದರೂ ಅಷ್ಟೇ ಹೊತ್ತು. ಹಾಗಾಗಿ ಬಸ್ ಖಾಲಿ ಓಡುತ್ತೆ. ಖಾಲಿ ಓಡುತ್ತೆ ಅಂತ ನಿಗಮದವರು ಟ್ರಿಪ್ ಕಡಿಮೆ ಮಾಡ್ತಾರೆ. ಟ್ರಿಪ್ ಕಡಿಮೆ ಆಯ್ತು ಅಂತ ಇದ್ದ ನಾಲ್ಕು ಜನಾನೂ ಬಿಡ್ತಾರೆ. ಫೀಡರ್ ಮಾರ್ಗಗಳು ಶುರುವಾಗಿ ಸದ್ದಿಲ್ಲದೆ ನಿಂತುಹೋಗೋದು ಹೀಗೆ. ಅದೇ ಹತ್ತು ನಿಮಿಷಕ್ಕೊಂದು ಬಸ್, ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ, ತಪ್ಪದೆ ಬರುತ್ತೆ ಅಂದ್ರೆ ಸರಾಸರಿ ಕಾಯೋದು ಐದು ನಿಮಿಷ. ಆಗ ಜನ ವೇಳಾಪಟ್ಟಿ ನೋಡೋದೇ ಬಿಡ್ತಾರೆ, ಸುಮ್ಮನೆ ಬಂದು ನಿಲ್ತಾರೆ. ನನ್ನ ಅಭಿಪ್ರಾಯದಲ್ಲಿ ಬಸವೇಶ್ವರನಗರಕ್ಕೆ ಇವತ್ತು ಬೇಕಾಗಿರೋದು ರಾಜಾಜಿನಗರ ಮತ್ತು ಹೊಸಹಳ್ಳಿ ಸ್ಟೇಷನ್‌ಗಳ ನಡುವೆ, ಬಡಾವಣೆ ಒಳಗಿಂದ ಹಾದು, ಹೀಗೆ ಸುತ್ತೋ ಸಣ್ಣ ಬಸ್ಸು.

ಸಣ್ಣ ಬಸ್ ಅಂದಾಗ ಕೆಂಗೇರಿ ನೆನಪಾಗುತ್ತೆ. 2021ರ ಡಿಸೆಂಬರ್ ಕೊನೆಯಲ್ಲಿ ಬಿಎಂಟಿಸಿ ತನ್ನ ಮೊದಲ ಎಲೆಕ್ಟ್ರಿಕ್ ಬಸ್ಸುಗಳ ಸೇವೆ ಶುರು ಮಾಡ್ತು. ಸ್ಮಾರ್ಟ್ ಸಿಟಿ ಯೋಜನೆಯ ನೆರವಿನಿಂದ 9 ಮೀಟರ್ ಉದ್ದದ 90 ಬಸ್. ಕೆಂಗೇರಿ, ಯಶವಂತಪುರ, ಕೆ.ಆರ್. ಪುರ ಡಿಪೊಗಳಿಗೆ ಹಂಚಿಕೆ. ಉದ್ದೇಶ ಮುಖ್ಯವಾಗಿ ಮೆಟ್ರೊ ಸ್ಟೇಷನ್ನಿಗೆ ಜನರನ್ನ ತಲುಪಿಸೋದು. ಅಂದಹಾಗೆ, ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ಬಸ್ಸನ್ನ ರಸ್ತೆಗಿಳಿಸಿ ಪರೀಕ್ಷೆ ಮಾಡಿದ್ದೂ ಬಿಎಂಟಿಸಿಯೇ, 2014ರಲ್ಲಿ, ಮೆಜೆಸ್ಟಿಕ್–ಕಾಡುಗೋಡಿ ಮಾರ್ಗದಲ್ಲಿ. ಪರೀಕ್ಷೆಯಿಂದ ಸೇವೆಗೆ ಬರೋಕೆ ಏಳು ವರ್ಷಕ್ಕಿಂತ ಹೆಚ್ಚು ಹಿಡೀತು.

ಈ ಬಸ್ಸುಗಳು ಬರೋ ರೀತಿ ಹಳೇ ಡೀಸೆಲ್ ಬಸ್ಸಿನಂತಲ್ಲ. ಬಸ್ ನಿಗಮದ್ದಲ್ಲ, ಕಂಪನಿಯದ್ದು. ಡ್ರೈವರ್ ಕೂಡ ಕಂಪನಿಯವರು. ಕಂಡಕ್ಟರ್ ಬಿಎಂಟಿಸಿಯವರು, ಟಿಕೆಟ್ ದುಡ್ಡು ಬಿಎಂಟಿಸಿಗೆ. ನಿಗಮ ಕಂಪನಿಗೆ ಕಿಲೋಮೀಟರ್‌ಗೆ ಇಷ್ಟು ಅಂತ ಕೊಡುತ್ತೆ, ಬಸ್ಸಲ್ಲಿ ಹತ್ತು ಜನ ಇರಲಿ, ಐವತ್ತು ಜನ ಇರಲಿ. ಇದಕ್ಕೆ ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್ ಅಂತಾರೆ. ಲಾಭ ಏನಂದ್ರೆ ದುಬಾರಿ ಬಸ್ಸಿಗೆ ನಿಗಮ ಒಟ್ಟಿಗೆ ಬಂಡವಾಳ ಹಾಕಬೇಕಿಲ್ಲ. ತೊಂದರೆ ಏನಂದ್ರೆ, ಬಸ್ ಖಾಲಿ ಓಡಿದರೆ ನಷ್ಟ ಪೂರ್ತಿ ನಿಗಮದ ತಲೆ ಮೇಲೆ. ಹಾಗಾಗಿ ಅಧಿಕಾರಿಗೆ ಸಹಜವಾಗಿಯೇ ಆ ಬಸ್ಸನ್ನ ಜನ ತುಂಬೋ ದೊಡ್ಡ ರಸ್ತೆಗೆ ಹಾಕೋಣ ಅನ್ಸುತ್ತೆ, ಬಡಾವಣೆಯ ಅಡ್ಡರಸ್ತೆಗೆ ಅಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 2025ರಲ್ಲಿ ಬೆಂಗಳೂರಿಗೆ ಸುಮಾರು 4,500 ಎಲೆಕ್ಟ್ರಿಕ್ ಬಸ್ ಹಂಚಿಕೆಯಾಗಿದೆ. ಬಿಎಂಟಿಸಿ ಹತ್ರ ಈಗಿರೋದೇ ಸುಮಾರು 7 ಸಾವಿರ ಬಸ್, ಆ ಲೆಕ್ಕದಲ್ಲಿ ಇದು ತುಂಬ ದೊಡ್ಡ ಸಂಖ್ಯೆ. ಅದರಲ್ಲಿ ಎಷ್ಟು ಬಸ್ ಬಡಾವಣೆ ಒಳಗೆ ಬರ್ತವೆ, ಎಷ್ಟು ಹಳೇ ಡೀಸೆಲ್ ಬಸ್ಸಿನ ಜಾಗ ತುಂಬೋಕೆ ಹೋಗ್ತವೆ ಅನ್ನೋದನ್ನ ಕೇಳಬೇಕಾದ ಸಮಯ ಈಗಲೇ. ಗುತ್ತಿಗೆ ಒಂದು ಸಲ ಸಹಿ ಆದ್ರೆ ಹತ್ತು ಹನ್ನೆರಡು ವರ್ಷಕ್ಕೆ.

ಕಾಗದದ ಮೇಲೆ ಎಲ್ಲಾ ಇದೆ

ಇದೆಲ್ಲ ನಮ್ಮ ನೀತಿ ಮಾಡೋರಿಗೆ ಗೊತ್ತಿಲ್ಲ ಅಂತ ಅಂದ್ಕೋಬೇಡಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಓದಿ ನೋಡಿ. ರಸ್ತೆ ಜಾಗವನ್ನ ಹಂಚುವಾಗ ವಾಹನಗಳನ್ನ ನೋಡಬೇಡಿ, ಜನರನ್ನ ನೋಡಿ ಅನ್ನೋದು ಅದರ ತಿರುಳು. ನಡೆಯೋರಿಗೆ, ಸೈಕಲ್‌ನವರಿಗೆ, ಬಸ್ಸಿಗೆ ಮೊದಲ ಸ್ಥಾನ. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರದಲ್ಲಿ ಎಲ್ಲ ಸಾರಿಗೆಯನ್ನೂ ಒಟ್ಟಿಗೆ ನೋಡೋ ಒಂದು ಪ್ರಾಧಿಕಾರ ಇರಬೇಕು ಅಂತಾನೂ ಅದು ಹೇಳಿತು.

ಕರ್ನಾಟಕ ಇದರಲ್ಲಿ ಹಿಂದೆ ಬೀಳಲಿಲ್ಲ. 2007ರಲ್ಲೇ ನಗರ ಭೂ ಸಾರಿಗೆ ನಿರ್ದೇಶನಾಲಯ ಬಂತು. ಅದೇ ವರ್ಷ ಸರ್ಕಾರಿ ಆದೇಶದ ಮೂಲಕ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರವೂ ಹುಟ್ಟಿತು. ಆದರೆ ಕಾಯ್ದೆಯ ಬಲ ಇಲ್ಲದ ಪ್ರಾಧಿಕಾರ ಅದು. ಸಭೆ ಕರೆಯಬಹುದಿತ್ತು, ಮಾತು ಕೇಳಿಸೋಕೆ ಆಗ್ತಿರಲಿಲ್ಲ. ವಿಧಾನಮಂಡಲ ಅದಕ್ಕೆ ಕಾಯ್ದೆ ಪಾಸು ಮಾಡಿದ್ದು 2022ರ ಡಿಸೆಂಬರ್‌ನಲ್ಲಿ. 15 ವರ್ಷ. ಮುಖ್ಯಮಂತ್ರಿಯೇ ಅಧ್ಯಕ್ಷರು.

ಇನ್ನು 2017ರ ಮೆಟ್ರೊ ರೈಲು ನೀತಿ. ಕೇಂದ್ರದ ದುಡ್ಡು ಬೇಕು ಅಂದ್ರೆ, ಸ್ಟೇಷನ್ ಸುತ್ತ ಐದು ಕಿಲೋಮೀಟರ್ ವ್ಯಾಪ್ತಿಗೆ ಫೀಡರ್ ಸೇವೆ, ನಡೆಯೋ ದಾರಿ, ಸೈಕಲ್ ದಾರಿ ಹೇಗೆ ಕೊಡ್ತೀರಿ ಅಂತ ಯೋಜನಾ ವರದಿಯಲ್ಲೇ ಬರೆಯಬೇಕು ಅಂತ ಅದು ಹೇಳುತ್ತೆ. ಐದು ಕಿಲೋಮೀಟರ್! ನಕ್ಷೆ ಮೇಲೆ ಕಂಪಾಸ್ ಇಟ್ಟು ಸುತ್ತು ಹಾಕಿದರೆ ಬಸವೇಶ್ವರನಗರ ಪೂರ್ತಿ, ರಾಜಾಜಿನಗರ ಪೂರ್ತಿ, ಕಾಮಾಕ್ಷಿಪಾಳ್ಯ ಪೂರ್ತಿ ಒಂದಲ್ಲ ಎರಡು ಸ್ಟೇಷನ್‌ಗಳ ವ್ಯಾಪ್ತಿಯೊಳಗೆ ಬರ್ತವೆ. ಆದರೆ ನೆನಪಿಡಿ, ನಮ್ಮ ಮೊದಲೆರಡು ಹಂತಗಳಿಗೆ ಒಪ್ಪಿಗೆ ಸಿಕ್ಕಿದ್ದು ಈ ನೀತಿ ಬರೋಕೆ ಮುಂಚೆ. ಅದರ ಅಡಿಯಲ್ಲಿ ಬರೋದು ಮೂರನೇ ಹಂತ.

ಪ್ರಾಧಿಕಾರ ಯಾಕೆ ಬೇಕು ಅನ್ನೋದಕ್ಕೆ ಕಾರ್ಡ್ ರೋಡಿನ ಫುಟ್‌ಪಾತ್ ಸಾಕು. ಮೆಟ್ರೊ ಮೆಟ್ಟಿಲು ಬಿಎಂಆರ್‌ಸಿಎಲ್‌ದು. ಮೆಟ್ಟಿಲು ಇಳಿದ ಕೂಡಲೇ ಸಿಗೋ ಫುಟ್‌ಪಾತ್ ಪಾಲಿಕೆಯದ್ದು. 2025ರ ಸೆಪ್ಟೆಂಬರ್‌ನಿಂದ ಪಾಲಿಕೆ ಅಂದ್ರೆ ಒಂದಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು. ಫುಟ್‌ಪಾತ್ ಮೇಲಿನ ಟ್ರಾನ್ಸ್‌ಫಾರ್ಮರ್ ಬೆಸ್ಕಾಂದು. ಅದರಡಿ ತೆರೆದ ಮ್ಯಾನ್‌ಹೋಲ್ ಜಲಮಂಡಳಿದು. ಬಸ್ ಬಿಎಂಟಿಸಿದು. ಬಸ್ ಎಲ್ಲಿ ನಿಲ್ಲಬಾರದು ಅಂತ ಹೇಳೋದು ಟ್ರಾಫಿಕ್ ಪೊಲೀಸರು. ನಡೆಯೋನಿಗೆ ಮಾತ್ರ ಯಾರೂ ಇಲ್ಲ. ಇದೇ ಕಾರ್ಡ್ ರೋಡನ್ನ ಸಿಗ್ನಲ್ ಇಲ್ಲದ ರಸ್ತೆ ಮಾಡಬೇಕು ಅಂತ ಶಿವನಗರ, ಮಂಜುನಾಥನಗರದ ಹತ್ರ ಮೇಲ್ಸೇತುವೆ, ಕೆಳಸೇತುವೆ ಅಂತ ವರ್ಷಗಟ್ಟಲೆ ಕೆಲಸ ನಡೀತು. ಕಾರಿಗೆ ಸಲೀಸಾಯ್ತು. ಆಚೆ ಬದಿಯ ತರಕಾರಿ ಅಂಗಡಿಗೆ ಹೋಗೋ ಅಜ್ಜಿಗೆ ರಸ್ತೆ ದಾಟೋದು ಕಷ್ಟವಾಯ್ತು, ಯಾಕಂದ್ರೆ ಸಿಗ್ನಲ್ ಇಲ್ಲದ ರಸ್ತೇಲಿ ಗಾಡಿ ನಿಲ್ಲೋದೇ ಇಲ್ಲ.

ವಿಜಯನಗರ ಮತ್ತು ಕೆಂಗೇರಿಯ ಟಿಟಿಎಂಸಿಗಳದ್ದೂ ಒಂದು ಕಥೆ. ಜೆ-ನರ್ಮ್ ಯೋಜನೆಯ ದುಡ್ಡಿನಲ್ಲಿ ಬಿಎಂಟಿಸಿ ನಗರದಲ್ಲಿ ಹತ್ತು ಟಿಟಿಎಂಸಿ ಕಟ್ಟಿತು. ಬಸ್ ಬದಲಿಸೋಕೆ, ಗಾಡಿ ನಿಲ್ಲಿಸಿ ಬಸ್ ಹತ್ತೋಕೆ ಅಂತ. ಕೆಂಗೇರಿಯಲ್ಲಿ ಅದೃಷ್ಟ ಚೆನ್ನಾಗಿತ್ತು, ಮೆಟ್ರೊ ಬಂದಾಗ ಟಿಟಿಎಂಸಿ ಪಕ್ಕದಲ್ಲೇ ಸ್ಟೇಷನ್, ಹೆಸರೇ ಕೆಂಗೇರಿ ಬಸ್ ಟರ್ಮಿನಲ್. ಕೆಂಗೇರಿ ಅಂತ ಇನ್ನೊಂದು ಸ್ಟೇಷನ್ ಬೇರೆ ಇದೆ, ಹೊಸಬರು ತಪ್ಪಿ ಇಳಿಯೋದು ಮಾಮೂಲು.

ನಮಗಿಂತ ಪಕ್ಕದ ಚೆನ್ನೈ ಒಂದು ಹೆಜ್ಜೆ ಮುಂದಿಟ್ಟಿದೆ. ಅಲ್ಲಿನ ಇಂಥದ್ದೇ ಪ್ರಾಧಿಕಾರ 2025ರ ಸೆಪ್ಟೆಂಬರ್‌ನಲ್ಲಿ ಒಂದು ಆ್ಯಪ್ ತಂತು. ಬಸ್, ಮೆಟ್ರೊ, ಲೋಕಲ್ ರೈಲು ಮೂರಕ್ಕೂ ಒಂದೇ ಕ್ಯೂಆರ್ ಟಿಕೆಟ್. ನಮ್ಮಲ್ಲಿ ಹಾವನೂರು ಸರ್ಕಲ್ಲಿಂದ ಎಂ.ಜಿ. ರಸ್ತೆಗೆ ಒಂದೇ ಪ್ರಯಾಣ, ಒಂದೇ ದರ ಅನ್ನೋದು ಇಲ್ಲ. ಬಸ್ಸಿನ ಕನಿಷ್ಠ ದರ ಬೇರೆ ಕೊಡಬೇಕು, ಮೆಟ್ರೊ ಕನಿಷ್ಠ ದರ ಬೇರೆ ಕೊಡಬೇಕು. ಬದಲಿಸಿದ್ದಕ್ಕೇ ಶಿಕ್ಷೆ.

ರಿಮ್ ಬರ್ತಿದೆ, ಆದರೆ

ಈಗ ಮುಂದೆ ಬರೋದರ ಬಗ್ಗೆ. 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟ ನಮ್ಮ ಮೆಟ್ರೊ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. 44.65 ಕಿಲೋಮೀಟರ್, 15,611 ಕೋಟಿ ರೂಪಾಯಿ. ಇದು ಬಹುಪಾಲು ಪಶ್ಚಿಮದ ಯೋಜನೆ. ಒಂದು ಮಾರ್ಗ ಜೆ.ಪಿ. ನಗರ 4ನೇ ಹಂತದಿಂದ ಹೊರವರ್ತುಲ ರಸ್ತೆ ಹಿಡಿದು ಮೈಸೂರು ರಸ್ತೆ, ನಾಗರಬಾವಿ, ಸುಮನಹಳ್ಳಿ, ಪೀಣ್ಯ, ಹೆಬ್ಬಾಳ ದಾಟಿ ಕೆಂಪಾಪುರಕ್ಕೆ, 32.15 ಕಿಲೋಮೀಟರ್. ಇನ್ನೊಂದು ಹೊಸಹಳ್ಳಿಯಿಂದ ಮಾಗಡಿ ರಸ್ತೆಗುಂಟ ಸುಂಕದಕಟ್ಟೆ ದಾಟಿ ಕಡಬಗೆರೆಗೆ, 12.5 ಕಿಲೋಮೀಟರ್. 2025ರ ಆಗಸ್ಟ್ 10ರಂದು, ಹಳದಿ ಮಾರ್ಗ ಉದ್ಘಾಟನೆಯಾದ ದಿನವೇ, ಪ್ರಧಾನಿ ಇದಕ್ಕೆ ಶಂಕುಸ್ಥಾಪನೆ ಮಾಡಿದರು.

ಅಂದ್ರೆ ಚಕ್ರದ ರಿಮ್‌ನ ಪಶ್ಚಿಮದ ಅರ್ಧ. ಕೆಂಗೇರಿಯಿಂದ ಪೀಣ್ಯಕ್ಕೆ ಹೋಗೋರು ಮೈಸೂರು ರಸ್ತೆಯಲ್ಲಿ ಬದಲಿಸಿ ಸೀದಾ ಹೋಗಬಹುದು, ಮೆಜೆಸ್ಟಿಕ್ ಮುಟ್ಟಬೇಕಿಲ್ಲ. ಬಸವೇಶ್ವರನಗರದ ದಕ್ಷಿಣ ಅಂಚಿನ ಕೆಎಚ್‌ಬಿ ಕಾಲೊನಿಯವರಿಗೆ ಮಾಗಡಿ ರಸ್ತೆ ಮೆಟ್ರೊ ಹತ್ತಿರವಾಗುತ್ತೆ. ಒಳ್ಳೆಯದೇ. ಆದರೆ ಕಾರ್ಡ್ ರೋಡಿನ ಆ ಖಾಲಿ ಜಾಗ ಮೂರನೇ ಹಂತ ಮುಗಿದ ಮೇಲೂ ಖಾಲಿಯೇ. ಬಡಾವಣೆಯ ಸುತ್ತ ನಾಲ್ಕೂ ಕಡೆ ಮೆಟ್ರೊ, ನಡುವೆ ಹಾವನೂರು ಸರ್ಕಲ್!

ಯಾವಾಗ ಮುಗಿಯುತ್ತೆ? ಕೆಂಗೇರಿ ಮಾರ್ಗ ಸೇರಿದ ಎರಡನೇ ಹಂತಕ್ಕೆ ಕೇಂದ್ರ ಒಪ್ಪಿದ್ದು 2014ರ ಶುರುವಿನಲ್ಲಿ. ಕೆಂಗೇರಿಗೆ ರೈಲು ಬಂದಿದ್ದು 2021ರ ಆಗಸ್ಟ್‌ನಲ್ಲಿ. ಏಳೂವರೆ ವರ್ಷ, ಅದೂ ಬರೀ ಏಳೂವರೆ ಕಿಲೋಮೀಟರ್‌ಗೆ. ಅದೇ ವೇಗ ಹಿಡಿದರೆ ಮೂರನೇ ಹಂತ 2032ರ ಹತ್ತಿರ. ಉಪನಗರ ರೈಲಿನದ್ದೂ ಇದೇ ಕಥೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗೋ ಮಾರ್ಗಕ್ಕೆ ಪಾರಿಜಾತ ಅಂತ ಚೆಂದದ ಹೆಸರಿಟ್ಟರು. 2022ರ ಜೂನ್ 20ರಂದು ಇಡೀ ಯೋಜನೆಗೆ ಶಂಕುಸ್ಥಾಪನೆಯಾದಾಗ ಹೇಳಿದ್ದು 40 ತಿಂಗಳು. ಆ ಲೆಕ್ಕ 2025ರ ಅಕ್ಟೋಬರ್‌ಗೆ ಮುಗೀತು. ಕೆಲಸ ಮೊದಲು ಶುರುವಾಗಿದ್ದು ಮಲ್ಲಿಗೆ ಮತ್ತು ಕನಕ ಮಾರ್ಗಗಳಲ್ಲಿ, ಪಾರಿಜಾತದಲ್ಲಿ ಅಲ್ಲ.

ಮೂರನೇ ಹಂತದಲ್ಲಿ ನನಗೆ ನಿಜವಾಗಿ ತಲೆನೋವು ತರೋ ವಿಷಯ ಬೇರೆ. ಮೆಟ್ರೊ ಕಂಬದ ಮೇಲೇ ವಾಹನಗಳಿಗೂ ಒಂದು ಎತ್ತರಿಸಿದ ರಸ್ತೆ ಕಟ್ಟೋ ಡಬಲ್ ಡೆಕರ್ ಯೋಜನೆ. ರಾಗಿಗುಡ್ಡ–ಸಿಲ್ಕ್ ಬೋರ್ಡ್ ನಡುವೆ ಸುಮಾರು 3.3 ಕಿಲೋಮೀಟರ್ ಇಂಥದ್ದು 2024ರ ಜುಲೈನಲ್ಲಿ ಶುರುವಾಗಿದೆ. ಪಶ್ಚಿಮದಲ್ಲಿ ಇದು ಹೊರವರ್ತುಲ ರಸ್ತೆ, ಮಾಗಡಿ ರಸ್ತೆ ಎರಡಕ್ಕೂ ಬರಬೇಕು ಅನ್ನೋದು ರಾಜ್ಯ ಸರ್ಕಾರದ ಇರಾದೆ.

ಇಲ್ಲಿ ಒಂದು ಸಂಶೋಧನೆ ನೆನಪಿಸಬೇಕು. ಗಿಲ್ ಡುರಾಂಟನ್, ಮ್ಯಾಥ್ಯೂ ಟರ್ನರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಹೆದ್ದಾರಿ ಲೆಕ್ಕ ನೋಡಿದರು. ರಸ್ತೆಯ ಉದ್ದ ಎಷ್ಟು ಪಾಲು ಹೆಚ್ಚಾಯ್ತೋ, ಹೆಚ್ಚುಕಡಿಮೆ ಅಷ್ಟೇ ಪಾಲು ವಾಹನ ಓಡಾಟವೂ ಹೆಚ್ಚಾಯ್ತು. ಅಂದ್ರೆ ಹೊಸ ರಸ್ತೆ ತನ್ನ ಟ್ರಾಫಿಕ್ ತಾನೇ ಹುಟ್ಟಿಸಿಕೊಳ್ಳುತ್ತೆ. ಅಮೆರಿಕ ಬೇರೆ, ಬೆಂಗಳೂರು ಬೇರೆ, ನಿಜ. ಆದರೆ ಒಂದೇ ಕಂಬದ ಮೇಲೆ ಮೆಟ್ರೊನೂ ಕಾರಿನ ರಸ್ತೆಯನ್ನೂ ಇಟ್ಟರೆ ಎರಡೂ ಒಂದೇ ಪ್ರಯಾಣಿಕನಿಗೆ ಪೈಪೋಟಿ ನಡೆಸ್ತವೆ. ಮೆಟ್ರೊಗೆ ಬರಬೇಕಾದ ಮನುಷ್ಯನಿಗೆ ನಾವೇ ದುಡ್ಡು ಹಾಕಿ ಕಾರಿನ ದಾರಿ ಮಾಡಿಕೊಟ್ಟ ಹಾಗೆ. ರಸ್ತೆ ಬೇಕು ಅನ್ನೋರ ವಾದವೂ ಇದೆ: ಜಾಗ ಹೇಗೂ ಇಲ್ಲ, ಕಂಬ ಹೇಗೂ ಬರುತ್ತೆ, ಒಂದೇ ಸಲ ಅಗೆದು ಮುಗಿಸೋಣ ಅಂತ. ಸುಮನಹಳ್ಳಿ ಜಂಕ್ಷನ್‌ನಲ್ಲಿ ಅರ್ಧ ಗಂಟೆ ಕಾದವರು ಆ ವಾದಕ್ಕೆ ತಲೆಯಾಡಿಸ್ತಾರೆ, ಅವರನ್ನ ತಪ್ಪು ಅನ್ನೋಕಾಗಲ್ಲ. ನನ್ನ ತಕರಾರು ಇಷ್ಟೇ, ಆ ಎತ್ತರದ ರಸ್ತೆಯಲ್ಲಿ ಒಂದು ಲೇನ್ ಬಸ್ಸಿಗೆ ಅಂತ ಮೊದಲ ದಿನದಿಂದಲೇ ಬರೆದಿಡಬೇಕು. ಆಮೇಲೆ ಕೊಡ್ತೀವಿ ಅಂದ್ರೆ ಸಿಗಲ್ಲ. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಮಾಡಿದ್ರು, ಚೆನ್ನಾಗೇ ಇತ್ತು. ಮೆಟ್ರೊ ಕಾಮಗಾರಿ ಬಂತು, ಪಥ ಹೋಯ್ತು. ಹುಬ್ಬಳ್ಳಿ–ಧಾರವಾಡದಲ್ಲಿ ಮಾತ್ರ 22 ಕಿಲೋಮೀಟರ್ ಬಿಆರ್‌ಟಿಎಸ್ ಪಥದಲ್ಲಿ 2018ರಿಂದ ಚಿಗರಿ ಓಡ್ತಿದೆ. ಅದರ ಬಗ್ಗೆ ದೂರುಗಳು ಸಾಕಷ್ಟಿವೆ, ಅದೇ ಒಂದು ಸಂಚಿಕೆ ಆಗುತ್ತೆ.

ಕೊನೆಯದಾಗಿ ಒಂದು ಭಾಗಾಕಾರ. 15,611 ಕೋಟಿಯನ್ನ 44.65 ಕಿಲೋಮೀಟರ್‌ಗೆ ಹಂಚಿದರೆ ಕಿಲೋಮೀಟರಿಗೆ ಸುಮಾರು 350 ಕೋಟಿ. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಅಂತ ಧಾರಾಳವಾಗಿ ಹಿಡಿದರೂ, ಒಂದು ಕಿಲೋಮೀಟರ್ ಮೆಟ್ರೊ ದುಡ್ಡಲ್ಲಿ 230 ಬಸ್ ಬರುತ್ತೆ. ಮೆಟ್ರೊ ಬೇಡ ಅಂತ ಇದರ ಅರ್ಥ ಅಲ್ಲ. ಮೆಟ್ರೊ ಒಂದು ಟ್ರಿಪ್‌ನಲ್ಲಿ ಹೊರೋ ಜನಕ್ಕೆ ಇಪ್ಪತ್ತಕ್ಕೂ ಹೆಚ್ಚು ಬಸ್ ಬೇಕು, ಕಂಬಗಳು ನೂರು ವರ್ಷ ನಿಲ್ತವೆ, ಬಸ್ಸು ಹನ್ನೆರಡು ವರ್ಷಕ್ಕೆ ಗುಜರಿಗೆ. ಆದರೆ ರಾಜಾಜಿನಗರ–ಬಸವೇಶ್ವರನಗರ–ಹೊಸಹಳ್ಳಿ ನಡುವೆ ಹತ್ತು ನಿಮಿಷಕ್ಕೊಂದು ಸಣ್ಣ ಬಸ್ ಓಡಿಸೋಕೆ ಎಷ್ಟು ಬಸ್ ಬೇಕು? ಒಂದು ಸುತ್ತಿಗೆ, ಟ್ರಾಫಿಕ್ ಸೇರಿಸಿ, ಒಂದು ಗಂಟೆ ಅಂದುಕೊಂಡರೆ ಆರು. ಕೆಟ್ಟು ನಿಂತರೆ, ಚಾರ್ಜಿಂಗಿಗೆ ಹೋದರೆ ಅಂತ ಇನ್ನೆರಡು ಸೇರಿಸಿ, ಎಂಟು.

ನಿಮ್ಮ ಬಡಾವಣೆಯಿಂದ ಮೆಟ್ರೊ ಸ್ಟೇಷನ್ನಿಗೆ ಹೋಗೋಕೆ ಎಷ್ಟು ನಿಮಿಷ, ಎಷ್ಟು ರೂಪಾಯಿ ಆಗುತ್ತೆ ಅಂತ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಚಿಗರಿ ಬಗ್ಗೆ ಮಾತಾಡೋಣ.